ಕಾಯದ ಓವನ್, ಕಾದರೂ ಬೇಯಿಸದ ಓವನ್

ಓವನ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಮೊದಲು ಪ್ಲಗ್ ನೋಡಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದರ ಮೂರು ಪಿನ್ನುಗಳನ್ನು ಬೆಳಕಿಗೆ ಹಿಡಿಯಿರಿ. ಒಂದು ಪಿನ್ನಿನ ಹಿತ್ತಾಳೆ ಹೊಳಪು ಕಳೆದುಕೊಂಡು ಕಂದಾಗಿದೆಯೇ, ಅದರ ಬುಡದ ಪ್ಲಾಸ್ಟಿಕ್ ಮೆತ್ತಗಾಗಿ ತಗ್ಗು ಬಿದ್ದಿದೆಯೇ, ಗೋಡೆಯ ಸಾಕೆಟ್ಟಿನಲ್ಲೂ ಅದೇ ತೂತಿನ ಸುತ್ತ ಹಳದಿ ಉಂಗುರ ಕಟ್ಟಿದೆಯೇ? ಹಾಗಿದ್ದರೆ ಓವನ್ನಿನ ಮೈ ಬಿಚ್ಚುವ ಅಗತ್ಯವೇ ಇಲ್ಲ. ಶಾಖ ಒಳಗೆ ಹುಟ್ಟುವ ಬದಲು ಗೋಡೆಯಲ್ಲೇ ಹುಟ್ಟುತ್ತಿದೆ.

ಇದರ ಲೆಕ್ಕ ಸುಲಭ. 1500 ವಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪ್ ಕರೆಂಟ್ ಎಳೆಯುತ್ತದೆ. ಕರೆಂಟ್ ಹರಿಯುವಲ್ಲಿ ಹುಟ್ಟುವ ಶಾಖ ಅಲ್ಲಿನ ರೋಧಕ್ಕೂ ಕರೆಂಟಿನ ವರ್ಗಕ್ಕೂ ತಕ್ಕಂತೆ ಏರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲೇ ಪ್ರಕಟಿಸಿದ್ದ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಪಿನ್ನನ್ನು ಸರಿಯಾಗಿ ಕಚ್ಚದೆ, ಅಲ್ಲೊಂದು ಅರ್ಧ ಓಮಿನ ರೋಧ ಹುಟ್ಟಿಕೊಂಡಿತು ಎನ್ನಿ. ಆರೂವರೆಯ ವರ್ಗವನ್ನು ಅರ್ಧದಿಂದ ಗುಣಿಸಿದರೆ 21 ವಾಟ್. ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ ಐರನ್ನಿನಷ್ಟು ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಆ ಶಾಖಕ್ಕೆ ಪಟ್ಟಿಯ ಬಿಗಿ ಇನ್ನಷ್ಟು ಹೋಗುತ್ತದೆ, ಲೋಹದ ಮೇಲೆ ಕರಿ ಪದರ ಕಟ್ಟುತ್ತದೆ, ರೋಧ ಮತ್ತೆ ಏರುತ್ತದೆ. ಎಲೆಕ್ಟ್ರಿಶಿಯನ್ನರು ‘ಲೂಸ್ ಕಾಂಟ್ಯಾಕ್ಟ್’ ಎಂದು ಕೈಬೀಸಿ ಹೇಳಿಬಿಡುವ ಕಾಯಿಲೆ ತನ್ನನ್ನು ತಾನೇ ಉಲ್ಬಣಗೊಳಿಸಿಕೊಳ್ಳುವುದು ಹೀಗೆ. ಟಿವಿಗೂ ಮಿಕ್ಸಿಗೂ ಇಟ್ಟ ಸಣ್ಣ ಸಾಕೆಟ್ಟಿಗೆ ಕನ್ವರ್ಟರ್ ಸಿಕ್ಕಿಸಿ, ಇಲ್ಲವೇ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಓವನ್ ನಡೆಸುವ ಮನೆಗಳಲ್ಲಿ ಇದು ಬೇಗ ಬರುತ್ತದೆ. ಓವನ್ನಿಗೆ ಗೀಸರಿಗೆ ಕೊಟ್ಟಂತೆ 16 ಆಂಪಿನ ಪವರ್ ಪ್ಲಗ್ಗೇ ಬೇಕು. ಕಂದಾದ ಪಿನ್ನನ್ನು ಉಜ್ಜಿ ಬೆಳಗಿಸಿ ಮತ್ತೆ ಅದೇ ಸಾಕೆಟ್ಟಿಗೆ ಹಾಕುವುದು ವ್ಯರ್ಥ, ಎರಡನ್ನೂ ಬದಲಿಸಬೇಕು.

ನಮ್ಮ ಮನೆಗಳಲ್ಲಿ ಓವನ್ ಎಂದರೆ ಒಂದೋ ಮೈಕ್ರೋವೇವ್, ಇಲ್ಲವೇ ಓಟಿಜಿ. ಈ ಅಧ್ಯಾಯದ ಮಾತೆಲ್ಲ ಓಟಿಜಿಯದು: ತಗಡಿನ ಪೆಟ್ಟಿಗೆ, ಮೇಲೆ ಕೆಳಗೆ ಕಾಯುವ ರಾಡುಗಳು, ಗಾಜಿನ ಬಾಗಿಲು, ಪಕ್ಕದಲ್ಲಿ ಮೂರು ತಿರುಗುಬಿರಡೆ. ಇದರಲ್ಲಿ ಎರಡು ದಾರಿಗಳಿವೆ. ಗೋಡೆಯಿಂದ ರಾಡಿನವರೆಗೆ ಕರೆಂಟಿನ ದಾರಿ, ರಾಡಿನಿಂದ ಕೇಕಿನವರೆಗೆ ಶಾಖದ ದಾರಿ. ಓವನ್ ಮೇಲಿನ ಯಾವ ದೂರನ್ನೇ ತೆಗೆದುಕೊಳ್ಳಿ, ಈ ಎರಡರಲ್ಲಿ ಯಾವುದು ಎಲ್ಲಿ ಕಡಿದಿದೆ, ಎಲ್ಲಿ ಅಡ್ಡದಾರಿ ಹಿಡಿದಿದೆ ಎಂದು ಹುಡುಕುತ್ತ ಹೋದರೆ ಉತ್ತರ ಸಿಕ್ಕೇ ಸಿಗುತ್ತದೆ. ಹೊಸ ಓವನ್ ಕೊಳ್ಳುವ ಆತುರದಲ್ಲಿ ಈ ಹುಡುಕಾಟ ಬಿಟ್ಟುಹೋಗುತ್ತದೆ, ಅಷ್ಟೆ.

ಕರೆಂಟಿನ ದಾರಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಲೋ ವೋಲ್ಟೇಜ್. ಸಂಜೆ ಏಳರ ಹೊತ್ತಿಗೆ ಊರಿನ ದೀಪಗಳೆಲ್ಲ ಮಂಕಾಗುವ ಕಡೆಗಳಲ್ಲಿ ಓವನ್ನಿನ ಮೇಲೆ ಬರುವ ದೂರು ವಿಚಿತ್ರವಾಗಿರುತ್ತದೆ: ಮಧ್ಯಾಹ್ನ ಚೆನ್ನಾಗಿ ಬಂದ ಕೇಕ್ ಸಂಜೆ ಬಿಳಿಚಿಕೊಳ್ಳುತ್ತದೆ. ರಾಡಿನ ರೋಧ ಹೆಚ್ಚುಕಡಿಮೆ ಸ್ಥಿರವಾದ್ದರಿಂದ ಅದು ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ ವೋಲ್ಟೇಜ್ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಇಳಿದಿದೆ, ಶಾಖ ಮಾತ್ರ ನೂರಕ್ಕೆ 61ಕ್ಕೆ ಬಂದು ನಿಂತಿದೆ. 1500 ವಾಟಿನ ಓವನ್ ಆಗ ಸುಮಾರು 920 ವಾಟಿನದು. ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, 220 ಡಿಗ್ರಿಯಂಥ ಮೇಲಿನ ಅಂಕಿ ಮುಟ್ಟಲಾರದೆಯೂ ಹೋಗಬಹುದು. ರಾಡಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ, ಕೆಂಡದಂತೆ ಬೆಳಗಬೇಕಾದ್ದು ಮಂಕುಗೆಂಪಿನಲ್ಲೇ ನಿಂತಿರುತ್ತದೆ. ಇಲ್ಲಿ ರಿಪೇರಿ ಮಾಡುವಂಥದ್ದು ಓವನ್ನಿನಲ್ಲಿ ಏನೂ ಇಲ್ಲ. ಮಲ್ಟಿಮೀಟರ್ ಇದ್ದವರು ಓವನ್ ಉರಿಯುತ್ತಿರುವಾಗ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಬೇಕು. ಓವನ್ ಹಚ್ಚಿದ ಕ್ಷಣಕ್ಕೇ ಅದು ಹತ್ತಿಪ್ಪತ್ತು ವೋಲ್ಟ್ ಬಿದ್ದರೆ ಮನೆಯೊಳಗಿನ ವೈರು ತೆಳುವಾಗಿದೆ ಅಥವಾ ಎಲ್ಲೋ ಜೋಡಣೆ ಸಡಿಲಾಗಿದೆ. ಮೊದಲಿನಿಂದಲೂ ಕಡಿಮೆಯೇ ಇದ್ದರೆ ಮಾತು ಲೈನ್‌ಮನ್ ಹತ್ತಿರ.

ಪ್ಲಗ್ಗೂ ಸರಿ, ವೋಲ್ಟೇಜೂ ಸರಿ, ಆದರೂ ಓವನ್ ತಣ್ಣಗೆ ಕೂತಿದೆ. ಆಗ ಟೈಮರ್ ನೋಡಿ. ಹೆಚ್ಚಿನ ಓಟಿಜಿಗಳಲ್ಲಿ ಟೈಮರ್ ಬರೀ ಗಂಟೆ ಬಾರಿಸುವ ಗಡಿಯಾರವಾಗಿರದೆ ಸ್ವಿಚ್ಚೂ ಆಗಿರುತ್ತದೆ. ಅದು ಸೊನ್ನೆಯಲ್ಲಿದ್ದರೆ ರಾಡಿಗೆ ಕರೆಂಟೇ ಹೋಗದು. ಒಳಗಿರುವುದು ಕೀಲಿ ಕೊಡುವ ಸ್ಪ್ರಿಂಗು. ಐದು ನಿಮಿಷಕ್ಕೆಂದು ತುಸುವೇ ತಿರುಗಿಸಿದರೆ ಸ್ಪ್ರಿಂಗಿಗೆ ಬಿಗಿ ಸಿಗದೆ ಅದು ಅಲ್ಲೇ ನಿಂತುಬಿಡಬಹುದು. ಇಪ್ಪತ್ತರವರೆಗೆ ತಿರುಗಿಸಿ ಹಿಂದಕ್ಕೆ ಐದಕ್ಕೆ ತರುವುದು ಕ್ರಮ. ಮೇಲಿನ ರಾಡೋ ಕೆಳಗಿನದೋ ಎರಡೂ ಬೇಕೋ ಎಂದು ಆರಿಸುವ ಇನ್ನೊಂದು ಬಿರಡೆಯೂ ಇದೆ. ಬಟ್ಟೆಯಿಂದ ಒರೆಸುವಾಗ ಅದು ತಿರುಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ.

ಇಷ್ಟಾದ ಮೇಲೂ ಒಂದು ರಾಡು ಕಾಯದಿದ್ದರೆ ಅದು ಕಡಿದಿರಬಹುದು. ರಾಡಿನೊಳಗಿರುವುದು ನಿಕ್ರೋಮ್ ತಂತಿಯ ಸುರುಳಿ, ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಕೆಂಪಗೆ ಕಾಯಿಸಿದ ತಂತಿಗಳು ಗಾಳಿಯ ಆಮ್ಲಜನಕಕ್ಕೆ ಬಲಿಯಾಗಿ ಬೇಗ ಉದುರಿಹೋಗುತ್ತಿದ್ದವು. ನಿಕ್ರೋಮ್ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಆಮ್ಲಜನಕ ಅದನ್ನು ದಾಟಿ ಒಳಕ್ಕೆ ಹೋಗಲಾರದು. ಟೋಸ್ಟರು, ಇಸ್ತ್ರಿಪೆಟ್ಟಿಗೆ, ಗೀಸರು, ಓವನ್ ಎಲ್ಲವೂ ಮನೆಗೆ ಬಂದದ್ದು ಈ ಪೊರೆಯ ದೆಸೆಯಿಂದ. ಇನ್ನೊಂದು ಗುಣವೂ ಇದಕ್ಕಿದೆ. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿ ಉರಿದಾಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ, ನಿಕ್ರೋಮಿನದು ಅಷ್ಟು ಕಾದರೂ ನೂರಕ್ಕೆ ಕೆಲವೇ ಅಂಶ ಬದಲಾಗುತ್ತದೆ. ಹಾಗಾಗಿ ತಣ್ಣಗಿರುವಾಗಲೇ ರಾಡನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಬಹುದು. ಪ್ಲಗ್ ಕಿತ್ತು, ಒಂದು ತುದಿಯ ವೈರು ಬಿಡಿಸಿ ಅಳೆದರೆ 750 ವಾಟಿನ ರಾಡು ಸುಮಾರು 70 ಓಮ್ ತೋರಿಸಬೇಕು. ಮೀಟರು ಅನಂತ ತೋರಿಸಿದರೆ ತಂತಿ ಕಡಿದಿದೆ. ಕೆಲವು ಮಾದರಿಗಳಲ್ಲಿ ಮೇಲಿನ ಎರಡೂ ರಾಡುಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದು ಹೋದರೆ ಇನ್ನೊಂದೂ ಆರುತ್ತದೆ, ಅಂಗಡಿಯವನು ಎರಡಕ್ಕೂ ಹಣ ಕೇಳುತ್ತಾನೆ. ಎರಡನ್ನೂ ಅಳೆದು ನೋಡಿ ಎಂದು ಹೇಳುವಷ್ಟು ವಿಜ್ಞಾನ ನಮಗೆ ತಿಳಿದಿದ್ದರೆ ಒಂದರ ಹಣ ಉಳಿಯುತ್ತದೆ.

ಮಲೆನಾಡಿನ ಮನೆಗಳಿಗೇ ಮೀಸಲಾದಂಥ ದೂರೊಂದಿದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಬಂದಾಗ ಬಳಸಿದ ಓವನ್ನನ್ನು ಆಷಾಢ, ಶ್ರಾವಣವೆಲ್ಲ ಕಳೆದ ಮೇಲೆ ಮೂಲೆಯಿಂದ ಎತ್ತಿ ಹಚ್ಚಿದರೆ ಮನೆಯ ಕರೆಂಟೆಲ್ಲ ಟ್ರಿಪ್ ಆಗುತ್ತದೆ. ಇಲ್ಲವೇ ಬಾಗಿಲ ಹಿಡಿಕೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಉಕ್ಕಿನ ಕವಚವಿರುವ ರಾಡಿನೊಳಗೆ ತಂತಿ ಕವಚಕ್ಕೆ ತಾಗದಂತೆ ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಇದು ಶಾಖವನ್ನು ಸಲೀಸಾಗಿ ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಎರಡು ಗುಣಗಳೂ ಒಟ್ಟಿಗೆ ಸಿಗುವ ವಸ್ತುಗಳು ಹೆಚ್ಚಿಲ್ಲ. ಆದರೆ ಈ ಪುಡಿ ತೇವವನ್ನು ಹೀರುತ್ತದೆ. ರಾಡಿನ ತುದಿಯ ಮುಚ್ಚಳದ ಸಂದಿನಿಂದ ಮೂರು ತಿಂಗಳ ಮಳೆಗಾಲದ ಹಸಿ ಗಾಳಿ ಒಳಕ್ಕಿಳಿದರೆ ತಂತಿಯಿಂದ ಕವಚಕ್ಕೆ, ಕವಚದಿಂದ ಓವನ್ನಿನ ಮೈಗೆ ಸಣ್ಣಗೆ ಕರೆಂಟ್ ಸೋರತೊಡಗುತ್ತದೆ. ಅರ್ಥಿಂಗ್ ಸರಿಯಿದ್ದರೆ ಸೋರಿದ್ದು ಮೂರನೇ ಪಿನ್ನಿನ ಮೂಲಕ ಭೂಮಿಗೆ ಹೋಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇದನ್ನು ಕಂಡು ಕರೆಂಟ್ ಕಡಿಯುತ್ತದೆ. ಅರ್ಥಿಂಗ್ ಇಲ್ಲದ ಹಳೆಯ ಮನೆಯಲ್ಲಿ ಅದೇ ಕರೆಂಟ್ ಹಿಡಿಕೆ ಮುಟ್ಟಿದವರ ಮೂಲಕ ಇಳಿಯುತ್ತದೆ. ಒಂದು ಮಿಲಿಆಂಪ್ ದಾಟಿದರೇ ಕೈಗೆ ಜುಮ್ಮೆನ್ನುವುದು ತಿಳಿಯುತ್ತದೆ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದು ಅಪಾಯದ ಮಟ್ಟಕ್ಕೂ ಹೋಗಬಹುದು.

ಇಂಥ ಸಂದರ್ಭದಲ್ಲಿ ‘ಟ್ರಿಪ್ ಆಗೋದು ಆ ಆರ್‌ಸಿಸಿಬಿ ದೆಸೆಯಿಂದ, ಅದನ್ನೇ ತೆಗೆದುಬಿಡಿ’ ಎಂದು ಸಲಹೆ ಕೊಡುವವರು ಇದ್ದಾರೆ. ಅರ್ಥಿಂಗ್ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರೂ ಇದ್ದಾರೆ. ಎರಡೂ ಕೊಲೆಗಡುಕ ಉಪಾಯಗಳು. ಎಲೆಕ್ಟ್ರಿಶಿಯನ್ನನನ್ನು ಕರೆಸಿ ಮೆಗ್ಗರ್ ಹಚ್ಚಿಸಿ ರಾಡಿಗೂ ಮೈಗೂ ನಡುವಿನ ರೋಧ ಅಳೆಸಬೇಕು. ತೇವವಷ್ಟೇ ಕಾರಣವಾಗಿದ್ದರೆ ಕೆಲವು ದಿನ ಬಿಸಿಲಿಗೋ ಒಲೆಯ ಮೇಲಿನ ಅಟ್ಟದ ಬೆಚ್ಚನೆಯ ಗಾಳಿಗೋ ಇಟ್ಟರೆ ಅದು ಮತ್ತೆ ಏರುತ್ತದೆ. ಏರದಿದ್ದರೆ ರಾಡು ಬದಲಿಸದೆ ವಿಧಿಯಿಲ್ಲ. ಇನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಬರಿದೇ ಓವನ್ ಹಚ್ಚುವ ಮನೆಗಳಲ್ಲಿ ಈ ತೊಂದರೆ ಅಷ್ಟಾಗಿ ತಲೆಹಾಕುವುದಿಲ್ಲ, ತೇವ ಸೇರುವ ಮೊದಲೇ ಆವಿಯಾಗಿ ಹೊರಟಿರುತ್ತದೆ.

ಇನ್ನು ಥರ್ಮೋಸ್ಟಾಟ್. ‘ಕೆಂಪು ದೀಪ ತಾನಾಗಿ ಆರಿಹೋಗುತ್ತೆ, ಮತ್ತೆ ತಾನಾಗಿ ಹತ್ತುತ್ತೆ’ ಎಂಬ ದೂರನ್ನು ಹೊಸದಾಗಿ ಓವನ್ ಕೊಂಡವರೆಲ್ಲ ಒಮ್ಮೆ ಹೇಳುತ್ತಾರೆ. ಅದು ಆರಿ ಹತ್ತದಿದ್ದರೇ ಚಿಂತೆ ಮಾಡಬೇಕು. ಬಿರಡೆಯ ಹಿಂದೆ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಪಟ್ಟಿಯೊಂದಿದೆ. ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ, ಪಟ್ಟಿ ಬಾಗುತ್ತದೆ. ಸಾಕಷ್ಟು ಬಾಗಿದಾಗ ‘ಟಕ್’ ಎಂದು ಕರೆಂಟ್ ಕಡಿಯುತ್ತದೆ. ಈ ಉಪಾಯವನ್ನು ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹೂಡಿದ್ದು ಹಡಗಿನ ಗಡಿಯಾರ ಬಿಸಿಲಿಗೆ ಸಮಯ ತಪ್ಪದಿರಲಿ ಎಂದು. ಅಡುಗೆಮನೆಗೆ ಥರ್ಮೋಸ್ಟಾಟ್ ಬರಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ ‘ರೆಗ್ಯುಲೋ’ ಎಂಬ ಹೆಸರಿನದು ಗ್ಯಾಸ್ ಓವನ್ನಿಗೆ ಅಳವಟ್ಟದ್ದು 1923ರಲ್ಲಿ. ಶಾಖಕ್ಕೆ ಬಹುಮಟ್ಟಿಗೆ ಹಿಗ್ಗದೇ ಇರುವ ಇನ್ವಾರ್ ಎಂಬ ಮಿಶ್ರಲೋಹವನ್ನು ಶಾರ್ಲ್ ಗಿಯೋಮ್ 1896ರಲ್ಲಿ ಕಂಡುಹಿಡಿದು 1920ರ ಭೌತವಿಜ್ಞಾನದ ನೊಬೆಲ್ ಪಡೆದ. ಇಂಥ ಪಟ್ಟಿಗಳ ಹಿಗ್ಗದ ಮಗ್ಗುಲಿಗೆ ಅದು ಹೇಳಿಮಾಡಿಸಿದ ಲೋಹ.

ಪಟ್ಟಿ ಬಾಗಲೂ ನೆಟ್ಟಗಾಗಲೂ ಹೊತ್ತು ಬೇಕು. ಆದ್ದರಿಂದ 180ಕ್ಕೆ ಇಟ್ಟ ಓವನ್ 180ರಲ್ಲಿ ನಿಲ್ಲದೆ 165ಕ್ಕೂ 195ಕ್ಕೂ ನಡುವೆ ತೂಗಾಡುತ್ತಿದ್ದರೆ ಅದು ಆರೋಗ್ಯವಂತ ಓವನ್ನೇ. ಜೊತೆಗೆ ಪಟ್ಟಿ ಇರುವುದು ಪೆಟ್ಟಿಗೆಯ ಪಕ್ಕದ ಗೋಡೆಯ ಬಳಿ, ಅದಕ್ಕೆ ಗೊತ್ತಾಗುವುದು ಆ ಗೋಡೆಯ ಬಿಸಿ ಮಾತ್ರ. ಕೇಕಿನ ಸುತ್ತಲ ಬಿಸಿ ಬೇರೆಯೇ ಇರಬಹುದು. ಬಿರಡೆಯ ಮೇಲಿನ ಅಂಕಿಯನ್ನು ನಂಬುವ ಮೊದಲು ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಕೊಳ್ಳುವುದು ಉತ್ತಮ. ಅದಿಲ್ಲದಿದ್ದರೆ ಸಕ್ಕರೆ ಇದೆಯಲ್ಲ. ಒಣ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ನನ್ನು 175ಕ್ಕೆ ಇಟ್ಟು ಚೆನ್ನಾಗಿ ಕಾಯಿಸಿ, ಫಾಯಿಲ್ ಚೂರಿನ ಮೇಲೆ ಒಂದು ಚಮಚ ಸಕ್ಕರೆ ಹರಡಿ ಹದಿನೈದು ನಿಮಿಷ ಮಧ್ಯದಲ್ಲಿಡಿ. ಕರಗಿ ನೀರಾದರೆ ಬಿರಡೆ ಹೇಳುವುದಕ್ಕಿಂತ ಓವನ್ ಬಿಸಿ. ಹೊಸ ಸಕ್ಕರೆಯೊಂದಿಗೆ 190ಕ್ಕೆ ಇಟ್ಟು ನೋಡಿದಾಗ ಹರಳು ಹರಳಾಗೇ ಉಳಿದರೆ ಓವನ್ ತಣ್ಣಗಿದೆ. ಎಷ್ಟು ಬಿಸಿ, ಎಷ್ಟು ತಣ್ಣಗೆ ಎಂದು ತಿಳಿದರೆ ಮುಂದೆ ಬಿರಡೆಯನ್ನು ಅಷ್ಟು ಹಿಂದೆ ಮುಂದೆ ಇಟ್ಟುಕೊಂಡರಾಯಿತು, ರಿಪೇರಿ ಬೇಡ.

ರಿಪೇರಿ ಬೇಕಾದದ್ದು, ಅದೂ ತಡಮಾಡದೆ ಬೇಕಾದದ್ದು, ‘ಟಕ್’ ಶಬ್ದ ನಿಂತುಹೋದಾಗ. ಪ್ರತಿ ಸಲ ಕರೆಂಟ್ ಕಡಿಯುವಾಗ ಕಾಂಟ್ಯಾಕ್ಟ್ ಬಿಂದುಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಸಾವಿರಾರು ಕಿಡಿಗಳ ನಂತರ ಎರಡು ಬಿಂದುಗಳೂ ಕರಗಿ ಅಂಟಿಕೊಂಡುಬಿಡಬಹುದು. ಆಗ ಓವನ್ ಕಾಯುತ್ತಲೇ ಹೋಗುತ್ತದೆ, ಬಿರಡೆ ಎಲ್ಲಿಟ್ಟರೂ ಕೇಳುವುದಿಲ್ಲ. ಕೆಲವು ಓವನ್ನುಗಳಲ್ಲಿ ಇದಕ್ಕೆಂದೇ ಥರ್ಮಲ್ ಫ್ಯೂಸ್ ಇರುತ್ತದೆ, ಅತಿಯಾಗಿ ಕಾದರೆ ತಾನು ಸತ್ತು ಓವನ್ನನ್ನು ಆರಿಸುತ್ತದೆ. ರಿಪೇರಿಗೆ ಕೊಟ್ಟಾಗ ‘ಈ ಪಾರ್ಟ್ ಸಿಗಲ್ಲ ಮೇಡಂ, ಡೈರೆಕ್ಟ್ ಮಾಡಿಕೊಡ್ತೀನಿ’ ಎಂಬ ಮಾತು ಬಂದರೆ ಓವನ್ನನ್ನು ವಾಪಸು ಕೇಳಿ ಪಡೆಯಿರಿ. ಡೈರೆಕ್ಟ್ ಎಂದರೆ ಆ ಫ್ಯೂಸನ್ನು ತೆಗೆದು ಅದರ ಜಾಗಕ್ಕೆ ವೈರಿನ ತುಂಡು ಹಾಕುವುದು. ಓವನ್ ಅಂದೇ ಉರಿಯುತ್ತದೆ, ನಿಜ. ಮುಂದಿನ ಸಲ ಕಾಂಟ್ಯಾಕ್ಟ್ ಅಂಟಿಕೊಂಡಾಗ ತಡೆಯಲು ಟೈಮರ್ ಬಿಟ್ಟರೆ ಯಾರೂ ಇರುವುದಿಲ್ಲ, ಟೈಮರನ್ನು ‘ಸ್ಟೇ ಆನ್’ಗೆ ಇಡುವ ಅಭ್ಯಾಸವಿದ್ದರೆ ಅದೂ ಇಲ್ಲ.

ಕರೆಂಟಿನ ದಾರಿ ಇಲ್ಲಿಗೆ ಮುಗಿಯಿತು. ಶಾಖದ ದಾರಿಯನ್ನು ಕಣ್ಣಿಂದಲೇ ನೋಡಲು ಒಂದು ಪೌಂಡ್ ಬ್ರೆಡ್ ಸಾಕು. ಜಾಲರಿಯ ಮೇಲೆ ಸಂದಿಲ್ಲದಂತೆ ಬ್ರೆಡ್ ಹೋಳು ಜೋಡಿಸಿ, 180 ಡಿಗ್ರಿಗೆ ಕಾದ ಓವನ್ನಿನ ಮಧ್ಯದ ಅಂತಸ್ತಿಗೆ ತಳ್ಳಿ. ಬಣ್ಣ ತಿರುಗಲು ಶುರುವಾದ ಕೂಡಲೇ ಹೊರತೆಗೆಯಿರಿ. ಹಿಂದಿನ ಸಾಲು ಕಂದಾಗಿ, ಬಾಗಿಲ ಬಳಿಯದು ಬಿಳಿಯಾಗೇ ಉಳಿದಿರುವುದು ಸಾಮಾನ್ಯ. ಗಾಜಿನ ಮೂಲಕ, ಬಾಗಿಲ ಸಂದಿನ ಮೂಲಕ ಶಾಖ ಅಷ್ಟು ಸೋರುತ್ತದೆ. ರಾಡಿನ ನೇರಕ್ಕೆ ಉದ್ದಗೆರೆಯಂತೆ ಕಂದು ಬಿದ್ದಿದ್ದರೆ ಜಾಲರಿ ರಾಡಿಗೆ ತೀರಾ ಹತ್ತಿರ. ಒಂದು ಮೂಲೆ ಮಾತ್ರ ಬಿಳಿಚಿದ್ದರೆ ಅಲ್ಲಿನ ಬಾಗಿಲ ಕೀಲು ಸಡಿಲಾಗಿದೆಯೇ ನೋಡಬೇಕು. ತಟ್ಟೆಯನ್ನು ಅರ್ಧ ಹೊತ್ತಿನಲ್ಲಿ ತಿರುಗಿಸಿಡಿ ಎಂದು ಅಡುಗೆ ಪುಸ್ತಕಗಳು ಹೇಳುವುದು ಬ್ರೆಡ್ಡಿನ ಮೇಲೆ ಮೂಡಿದ ಈ ನಕ್ಷೆಯ ಕಾರಣಕ್ಕೇ.

ಮೇಲೆ ಕರಕಲು, ಒಳಗೆ ಹಸಿ ಎಂಬುದು ಎಲ್ಲ ದೂರುಗಳ ರಾಜ. ಸುಟ್ಟದ್ದನ್ನು ನೋಡಿ ಓವನ್ ಬಿಸಿ ಹೆಚ್ಚು ಎಂದೂ, ಹಸಿಯಾದ್ದನ್ನು ನೋಡಿ ಬಿಸಿ ಸಾಲದು ಎಂದೂ ಒಂದೇ ಮನೆಯಲ್ಲಿ ಇಬ್ಬರು ವಾದಿಸುತ್ತಾರೆ. ಕೆಂಪಗೆ ಕಾದ ರಾಡಿನ ಶಾಖ ಬಹುಪಾಲು ವಿಕಿರಣವಾಗಿ, ಬೆಳಕಿನಂತೆ ನೇರ ಗೆರೆಯಲ್ಲಿ ಬರುತ್ತದೆ. ಯಾವುದೇ ವಸ್ತು ಸೂಸುವ ವಿಕಿರಣ ಅದರ ನಿರಪೇಕ್ಷ ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವುದರಿಂದ 700 ಡಿಗ್ರಿಯ ರಾಡು ಪ್ರತಿ ಚದರ ಸೆಂಟಿಮೀಟರಿಗೆ ಸೂಸುವ ಶಾಖ 200 ಡಿಗ್ರಿಯ ಗೋಡೆಯದರ ಸುಮಾರು 18 ಪಟ್ಟು. ರಾಡಿಗೆ ಎದುರಾದ ಕೇಕಿನ ಮೇಲ್ಮೈ ಬೇಗ ಒಣಗುತ್ತದೆ. ನೀರಿನಂಶ ಇರುವವರೆಗೆ ಅದು ನೂರರ ಆಸುಪಾಸಿನಲ್ಲೇ ನಿಂತಿತ್ತು. ಒಣಗಿದ ಮೇಲೆ 140ರ ಗಡಿ ದಾಟಿ ಕಂದಾಗುತ್ತದೆ, ಆಮೇಲೆ ಕರಿಯಾಗುತ್ತದೆ. ಒಳಗಿನ ಹಿಟ್ಟಿಗೆ ಶಾಖ ಹೋಗುವುದು ಮಾತ್ರ ಕಣದಿಂದ ಕಣಕ್ಕೆ, ನಿಧಾನವಾಗಿ. ಎಷ್ಟು ಉರಿ ಕೊಟ್ಟರೂ ಆ ನಡಿಗೆಗೆ ಆತುರ ಹತ್ತುವುದಿಲ್ಲ. ಆದ್ದರಿಂದ ಉರಿ 20 ಡಿಗ್ರಿ ಇಳಿಸಿ, ತಟ್ಟೆಯನ್ನು ಒಂದು ಅಂತಸ್ತು ಕೆಳಗಿಟ್ಟು, ಹೊತ್ತು ಹೆಚ್ಚಿಸಬೇಕು. ಪಾತ್ರೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕರಿ ಟಿನ್ ವಿಕಿರಣವನ್ನು ಹೀರಿ ತಳ ಸುಡುತ್ತದೆ, ಹೊಳೆಯುವ ಅಲ್ಯೂಮಿನಿಯಂ ಅದನ್ನು ಹಿಂದಕ್ಕಟ್ಟುತ್ತದೆ. ‘ಪಕ್ಕದ ಮನೆಯವರ ಹಾಗೇ ಮಾಡಿದೆ, ಆದ್ರೂ ತಳ ಹಿಡೀತು’ ಎನ್ನುವವರು ಪಕ್ಕದ ಮನೆಯ ಟಿನ್ನನ್ನೂ ನೋಡಿಬರಬೇಕು.

ಬಾಗಿಲು ತೆಗೆದರೆ ಬಿಸಿಯೆಲ್ಲ ಹೋಗುತ್ತದೆ ಎಂಬ ಭಯ ಅರ್ಧ ನಿಜ. 30 ಲೀಟರಿನ ಓವನ್ನಿನಲ್ಲಿ 180 ಡಿಗ್ರಿಯ ಗಾಳಿ ತೂಗುವುದು ಸುಮಾರು 23 ಗ್ರಾಂ. ಅಷ್ಟೂ ಗಾಳಿ ಹೊರಗೆ ಹೋಗಿ ತಣ್ಣನೆಯದು ಬಂದರೂ ಅದನ್ನು ಮತ್ತೆ ಕಾಯಿಸಲು ಬೇಕಾದ ಶಾಖ ಮೂರೂವರೆ ಕಿಲೋಜೂಲ್, 1500 ವಾಟಿನ ರಾಡಿಗೆ ಎರಡು ಮೂರು ಸೆಕೆಂಡಿನ ಕೆಲಸ. ನಿಜವಾದ ದಾಸ್ತಾನು ಇರುವುದು ತಗಡಿನಲ್ಲಿ. ಒಳಗೋಡೆ, ಜಾಲರಿ, ತಟ್ಟೆ ಸೇರಿ ನಾಲ್ಕು ಕಿಲೋ ಉಕ್ಕು ಎಂದು ಹಿಡಿದರೆ ಅದನ್ನು 150 ಡಿಗ್ರಿ ಏರಿಸಲು 300 ಕಿಲೋಜೂಲ್ ಬೇಕು. ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಮೂರು ನಿಮಿಷಕ್ಕಿಂತ ಹೆಚ್ಚು, ಸೋರಿಕೆ ಸೇರಿದರೆ ಹತ್ತು ನಿಮಿಷದ ಹತ್ತಿರ. ಮುಂಚಿತವಾಗಿ ಓವನ್ ಕಾಯಿಸಬೇಕೆನ್ನುವುದು ಈ ಉಕ್ಕಿಗಾಗಿ. ಕಣ್ಣು ಹಾಯಿಸಿ ತಕ್ಷಣ ಮುಚ್ಚಿದರೆ ಗೋಡೆಯ ಬಿಸಿ ಹಾಗೇ ಉಳಿಯುತ್ತದೆ, ಬಾಗಿಲು ತೆರೆದಿಟ್ಟು ಕಡ್ಡಿ ಹುಡುಕಲು ಹೋದರೆ ತೆಳುವಾದ ತಗಡು ಭರದಿಂದ ಆರುತ್ತದೆ. ಅಯ್ಯಂಗಾರ್ ಬೇಕರಿಗಳ ಹಳೆಯ ಸೌದೆ ಒಲೆಗಳಿಗೆ ಈ ಕಷ್ಟವಿರಲಿಲ್ಲ. ದಪ್ಪ ಇಟ್ಟಿಗೆಯ ಗೋಡೆ ಕುಡಿದಿಟ್ಟ ಶಾಖದಲ್ಲಿ, ಬೆಂಕಿ ಎಳೆದು ಹೊರಹಾಕಿದ ಮೇಲೂ, ಒಂದರ ಹಿಂದೊಂದು ತಟ್ಟೆ ಬನ್ನು ಬೇಯುತ್ತಿತ್ತು. ಆದರೂ ಕೇಕಿನ ಮಟ್ಟಿಗೆ ಮೊದಲ ಅರ್ಧ ಹೊತ್ತು ಬಾಗಿಲು ಮುಟ್ಟದಿರುವುದೇ ಲೇಸು, ಮೊಟ್ಟೆಯ ಪ್ರೋಟೀನೂ ಮೈದಾದ ಪಿಷ್ಟವೂ ಗಟ್ಟಿಯಾಗುವ ಮುನ್ನ ಗುಳ್ಳೆಗಳು ತಣಿದು ಕುಗ್ಗಿದರೆ ನಡುವೆ ಹಳ್ಳ ಬೀಳುತ್ತದೆ.

ಸಣ್ಣಪುಟ್ಟವು ಇನ್ನೂ ಇವೆ. ಹೊಸ ಓವನ್ ಮೊದಲ ಸಲ ಹೊಗೆಯಾಡಿದರೆ ರಾಡಿಗೆ ಬಳಿದ ಎಣ್ಣೆ ಉರಿಯುತ್ತಿದೆ, ಕಿಟಕಿ ತೆಗೆದು ಇಪ್ಪತ್ತು ನಿಮಿಷ ಬರಿದೇ ಹಚ್ಚಿದರೆ ಹೋಗುತ್ತದೆ. ಹಳೆಯದು ಹೊಗೆಯಾಡಿದರೆ ಕೆಳಗೆ ಬಿದ್ದ ಬೆಣ್ಣೆ, ಚೀಸು. ಒರೆಸುವ ಗೊಡವೆ ಬೇಡವೆಂದು ಕೆಳಗಿನ ರಾಡಿನ ಮೇಲೆ ಫಾಯಿಲ್ ಹಾಸಿದರೆ ಶಾಖದ ದಾರಿಗೇ ಅಡ್ಡ ಹಾಕಿದಂತಾಗುತ್ತದೆ. ರಾಡು ಅತಿಯಾಗಿ ಕಾಯುತ್ತದೆ, ಕೇಕಿನ ತಳ ಹಸಿಯಾಗಿರುತ್ತದೆ. ಒಳಗಿನ ದೀಪ ಸುಟ್ಟರೆ 300 ಡಿಗ್ರಿ ತಾಳುವ ಓವನ್ ಬಲ್ಬೇ ಹಾಕಬೇಕು, ಎಲ್‌ಇಡಿ ಅಲ್ಲಿ ಬದುಕದು. ಬಿಸಿ ಗಾಜಿಗೆ ಒದ್ದೆ ಬಟ್ಟೆ ಸೋಕಿಸಬಾರದು.

ಓವನ್ನಿನದಲ್ಲದ ತಪ್ಪೊಂದನ್ನು ಅದರ ತಲೆಗೆ ಕಟ್ಟುವುದೂ ಉಂಟು. ಬ್ರೆಡ್ಡಿನ ನಡುವೆ ಥರ್ಮಾಮೀಟರ್ ಚುಚ್ಚಿದಾಗ 99 ಡಿಗ್ರಿ ತೋರಿಸಿದರೆ ಬೆಂದಿದೆ ಎಂದು ಕೆಲವು ಪಾಕವಿಧಾನಗಳು ಹೇಳುತ್ತವೆ. ಬೆಂಗಳೂರಿನವರು ಮುಳ್ಳು 97ರ ಹತ್ತಿರ ನಿಂತದ್ದನ್ನು ನೋಡುತ್ತ ಹತ್ತು ನಿಮಿಷ, ಇನ್ನೂ ಹತ್ತು ನಿಮಿಷ ಎಂದು ಕಾಯುತ್ತಾರೆ, ಬ್ರೆಡ್ ಕಲ್ಲಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಹಸಿ ಅಂಶ ಇರುವವರೆಗೆ ಹಿಟ್ಟಿನ ಒಳಗು ಅದನ್ನು ದಾಟಲಾರದು. ಮಂಗಳೂರಿನಲ್ಲಿ 99 ಸಿಗುತ್ತದೆ, ಬೆಂಗಳೂರಿನಲ್ಲಿ ಎಷ್ಟು ಕಾದರೂ ಸಿಗದು. ಇಲ್ಲಿ 95 ಮುಟ್ಟಿದರೆ ತೆಗೆದುಬಿಡಬೇಕು, ಮಡಿಕೇರಿಯಲ್ಲಿ ಅದಕ್ಕೂ ಒಂದು ಡಿಗ್ರಿ ಮುಂಚೆ.